ಎರೆ ಭೂಮಿ ‘ಕಪ್ಪು ಹತ್ತಿ ಮಣ್ಣು’ ಆದಾಗ

ಧಾರವಾಡದಲ್ಲಿ ನಾವು ನಾಲ್ವರು ನಡೆಸುವ ಅನುವಾದ ಕಚೇರಿಗೆ ಬರುವ ಕೆಲಸದಲ್ಲಿ ಬಹುಪಾಲು ಕೃಷಿಗೆ ಸಂಬಂಧಿಸಿದ್ದು: ಬಿತ್ತನೆಯ ಸಲಹೆ, ಬೆಳೆ ವಿಮೆಯ ಅರ್ಜಿ, ಕೀಟನಾಶಕ ಬಳಕೆಯ ಸೂಚನೆ. 2023ರಲ್ಲಿ ಇಂಗ್ಲಿಷ್ ಮೂಲವನ್ನು ಮೊದಲು ಒಂದು ದೊಡ್ಡ ಕಂಪನಿಯ ಕೃತಕ ಬುದ್ಧಿಮತ್ತೆಯ ಮಾದರಿಗೆ ಕೊಟ್ಟು, ಅದು ಕೊಟ್ಟ ಕರಡನ್ನು ನಾವು ತಿದ್ದುವ ಪದ್ಧತಿ ಮಾಡಿಕೊಂಡೆವು. ಪ್ರತಿ ಸಲವೂ ಮೂಲದ ಜೊತೆಗೆ ನಮ್ಮ ಪದಪಟ್ಟಿಯನ್ನೂ ಕಳಿಸುತ್ತಿದ್ದೆವು: ‘ಬ್ಲ್ಯಾಕ್ ಕಾಟನ್ ಸಾಯಿಲ್’ ಎಂದರೆ ಎರೆ ಭೂಮಿ, ‘ರಬಿ’ ಎಂದರೆ ಹಿಂಗಾರು, ‘ಸೀಡ್ ಡ್ರಿಲ್’ ಎಂದರೆ ಕೂರಿಗೆ, ‘ಆರ್‌ಟಿಸಿ’ ಎಂದರೆ ನಮ್ಮ ಕಡೆಯ ಉತಾರ. ಮಾದರಿ ಪಟ್ಟಿಯನ್ನು ಪಾಲಿಸುತ್ತಿತ್ತು. ಆರೇಳು ತಿಂಗಳು ತಪ್ಪಿಲ್ಲದೆ ನಡೆದದ್ದರಿಂದ ಕರಡನ್ನು ಸಾಲು ಸಾಲಾಗಿ ಓದುವ ಅಭ್ಯಾಸ ನಮಗರಿವಿಲ್ಲದೆಯೇ ಸಡಿಲವಾಯಿತು.

ಆಮೇಲೆ ಕಂಪನಿಯಿಂದ ಒಂದು ಇಮೇಲ್ ಬಂತು. ನಾವು ಬಳಸುತ್ತಿದ್ದ ಆವೃತ್ತಿಯನ್ನು ಇಂಥ ದಿನದಿಂದ ನಿಲ್ಲಿಸಲಾಗುವುದು, ಹೊಸದು ಅದಕ್ಕಿಂತ ಉತ್ತಮವಾಗಿದೆ ಎಂಬುದು ಅದರ ಸಾರ. ನಾವು ಆವೃತ್ತಿಯ ಹೆಸರನ್ನಷ್ಟೇ ಬದಲಾಯಿಸಿ ಕೆಲಸ ಮುಂದುವರಿಸಿದೆವು. ಎರಡು ವಾರದ ನಂತರ ಕಡಲೆ ಬಿತ್ತನೆಯ ಕರಪತ್ರ ಹಂಚುತ್ತಿದ್ದ ಕ್ಷೇತ್ರ ಸಿಬ್ಬಂದಿಯೊಬ್ಬರು ಫೋನ್ ಮಾಡಿ, “ಸರ್, ಕಡ್ಲಿ ಬಿತ್ತಾಕ ಕಪ್ಪು ಹತ್ತಿ ಮಣ್ಣು ಅಂತ ಬರ್ದೀರಲ್ರಿ, ಅದ್ಯಾವ ಮಣ್ಣ ರೀ?” ಎಂದು ಕೇಳಿದರು. ಪದಪಟ್ಟಿಯಲ್ಲಿ ಎರೆ ಭೂಮಿ ಎಂದು ಸ್ಪಷ್ಟವಾಗಿಯೇ ಇತ್ತು. ಹೊಸ ಆವೃತ್ತಿ ಅದನ್ನು ಕೆಲವೆಡೆ ಪಾಲಿಸಿ ಕೆಲವೆಡೆ ಬಿಟ್ಟಿತ್ತು. ಓದದೆ ಕಳಿಸಿದ ತಪ್ಪು ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಆವೃತ್ತಿಗೆ ಮರಳುವ ದಾರಿ ಹಣ ಕೊಡುತ್ತೇವೆಂದರೂ ಇರಲಿಲ್ಲ. ಅದೇ ತಿಂಗಳು ಕೀಟನಾಶಕ ದೇಹಕ್ಕೆ ಸೇರಿದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯ ಪುಟವೊಂದನ್ನು ಅನುವಾದಿಸಲು ಕೊಟ್ಟರೆ, ವಿಷದ ಕುರಿತ ಈ ವಿಷಯದಲ್ಲಿ ನೆರವಾಗಲಾಗದು ಎಂಬ ಉತ್ತರ ಬಂತು. ಜೀವ ಉಳಿಸುವ ಪುಟಕ್ಕೂ ಜೀವ ತೆಗೆಯುವ ಪುಟಕ್ಕೂ ಇರುವ ಅಂತರವನ್ನು ಎಲ್ಲೋ ದೂರದಲ್ಲಿ ಯಾರೋ ಒಂದೇ ಗೆರೆಯಿಂದ ಅಳಿಸಿದ್ದರು, ಮತ್ತು ಅದನ್ನು ಪ್ರಶ್ನಿಸಲು ನಮಗೆ ಒಂದು ಅರ್ಜಿ ನಮೂನೆಯೂ ಇರಲಿಲ್ಲ.

ಬೇರೆ ಕಂಪನಿಗೆ ಹೋದರೆ ಸರಿಹೋದೀತೆಂದು ಮೊದಲು ಯೋಚಿಸಿದೆ. ವಿಚಾರಿಸುತ್ತಾ ಹೋದಂತೆ ಅಂಗಡಿಗಳು ಬೇರೆಯಾದರೂ ಗೋದಾಮು ಕೆಲವರದೇ ಎಂಬುದು ತಿಳಿಯಿತು. ಮಾದರಿ ತಯಾರಿಸುವ ಕಂಪನಿಗಳನ್ನೇ ನೋಡಿ: ಓಪನ್‌ಎಐನಲ್ಲಿ ಮೈಕ್ರೋಸಾಫ್ಟ್‌ನ ಹಣವಿದೆ. ಆಂಥ್ರೋಪಿಕ್‌ನಲ್ಲಿ ಅಮೆಜಾನ್ ಮತ್ತು ಗೂಗಲ್ ಎರಡರದೂ ಇದೆ. ಅಮೆರಿಕದಲ್ಲಿ ವ್ಯಾಪಾರ ಸ್ಪರ್ಧೆಯ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್ 2024ರ ಜನವರಿಯಲ್ಲಿ ಈ ಕಂಪನಿಗಳಿಂದ ಪರಸ್ಪರ ಒಪ್ಪಂದಗಳ ವಿವರ ಕೇಳಿ, ಮರುವರ್ಷ ಪ್ರಕಟಿಸಿದ ವರದಿಯಲ್ಲಿ, ಹೂಡಿಕೆಯ ಹಣದ ಒಂದು ಪಾಲನ್ನು ಹೂಡಿಕೆದಾರರ ಬಾಡಿಗೆ ಕಂಪ್ಯೂಟರ್ ಸೇವೆಯಾದ ಕ್ಲೌಡ್‌ನಲ್ಲೇ ಖರ್ಚು ಮಾಡಬೇಕೆಂಬ ಕರಾರುಗಳನ್ನು ಗುರುತಿಸಿತು. ಆ ಕ್ಲೌಡ್‌ಗಳ ಕೆಳಗೆ ಈ ಮಾದರಿಗಳನ್ನು ಓಡಿಸುವ ಚಿಪ್‌ಗಳಲ್ಲಿ ಹೆಚ್ಚಿನವು ಎನ್‌ವಿಡಿಯಾದವು. ಅವನ್ನು ತಯಾರಿಸಿ ಕೊಡುವುದು ತೈವಾನಿನ ಟಿಎಸ್ಎಂಸಿ. ಅದಕ್ಕೆ ಬೇಕಾದ ಚಿಪ್ಪಿನ ಮೇಲೆ ಅತಿ ಸೂಕ್ಷ್ಮ ವಿನ್ಯಾಸ ಮುದ್ರಿಸುವ ಯಂತ್ರವನ್ನು ಮಾಡುವುದು ನೆದರ್ಲೆಂಡ್ಸ್‌ನ ಎಎಸ್ಎಂಎಲ್ ಒಂದೇ.

ಬಿಲ್ಲಿನ ವಿಷಯವೂ ಇದೆ. ಶುಲ್ಕ ಪದಗಳ ಲೆಕ್ಕದಲ್ಲಿ ಬರುವುದಿಲ್ಲ, ಮಾದರಿ ಪಠ್ಯವನ್ನು ಕತ್ತರಿಸಿಕೊಳ್ಳುವ ಟೋಕನ್ ಎಂಬ ಚೂರುಗಳ ಲೆಕ್ಕದಲ್ಲಿ ಬರುತ್ತದೆ. ‘ಮಣ್ಣಿನಲ್ಲಿ’ ಎಂಬ ಪದದಲ್ಲಿ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ 10 ಯೂನಿಕೋಡ್ ಸಂಕೇತಗಳಿವೆ. ಕಂಪ್ಯೂಟರಿನಲ್ಲಿ ಪ್ರತಿಯೊಂದೂ ಸಾಮಾನ್ಯವಾಗಿ 3 ಬೈಟ್, ಅಂದರೆ ಒಟ್ಟು 30. ಬಹುಪಾಲು ಇಂಗ್ಲಿಷ್ ಪಠ್ಯದ ಮೇಲೆ ರೂಪಿಸಿದ ಹಳೆಯ ಕತ್ತರಿಗಳು ಇಂಗ್ಲಿಷಿನ ‘ಸಾಯಿಲ್’ ಪದವನ್ನು ಕತ್ತರಿಸದೆ ಇಡಿಯಾಗಿ ಉಳಿಸಿ, ನಮ್ಮ ಪದವನ್ನು ಪುಡಿ ಮಾಡುತ್ತಿದ್ದವು. ಒಂದೇ ವಿಷಯವನ್ನು ಕನ್ನಡದಲ್ಲಿ ಹೇಳಿಸಿದ್ದಕ್ಕೆ ಹಲವು ಪಟ್ಟು ದರ. 2024ರಿಂದೀಚೆಗೆ ಬಂದ ಕೆಲವು ಮಾದರಿಗಳಲ್ಲಿ ಭಾರತೀಯ ಭಾಷೆಗಳಿಗೆ ಈ ಹೊರೆ ಇಳಿಯಿತು, ನಮ್ಮ ಬಿಲ್ಲೂ ಇಳಿಯಿತು. ಸಂತೋಷವಾಯಿತಾದರೂ, ನಾವು ಕೇಳಿದ್ದರಿಂದ ಇಳಿದದ್ದಲ್ಲ. ನಾಳೆ ಏರಿದರೂ ನಮ್ಮನ್ನು ಕೇಳಿ ಏರುವುದಿಲ್ಲ.

ನಾವು ಮಾಡಿದ ಮೊದಲ ಕೆಲಸ ಮಾದರಿಯನ್ನು ಬದಲಾಯಿಸುವುದಲ್ಲ, ಅಳತೆಗೋಲನ್ನು ಕೈಯಲ್ಲಿ ಇಟ್ಟುಕೊಳ್ಳುವುದು. ಹಿಂದೆ ತಿದ್ದಿ ಮುಗಿಸಿದ್ದ ಕಡತಗಳಿಂದ 300 ವಾಕ್ಯಗಳನ್ನು ಆರಿಸಿ, ಅವುಗಳ ಎದುರು ನಾವು ಒಪ್ಪಿದ ಕನ್ನಡವನ್ನು ಬರೆದೆವು. ಪ್ರಮಾಣದ ಅಂಕಿಗಳು, ‘ಮಾಡಬಾರದು’ ಎಂಬ ನಿಷೇಧಗಳು, ಉತ್ತರ ಕರ್ನಾಟಕದ ಪದಗಳು ಇರುವ ವಾಕ್ಯಗಳನ್ನೇ ಹೆಚ್ಚಾಗಿ ತೆಗೆದುಕೊಂಡೆವು. ಯಾವ ಮಾದರಿಯೇ ಆಗಲಿ, ಯಾವ ಆವೃತ್ತಿಯೇ ಆಗಲಿ, ಈ 300ನ್ನು ದಾಟದೆ ಕೆಲಸಕ್ಕೆ ಬರುವಂತಿಲ್ಲ.

ಅದಾದ ಮೇಲೆ ಮಾದರಿಯನ್ನು ನಮ್ಮಲ್ಲೇ ಓಡಿಸಲೆಂದು ಕಚೇರಿಯ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಮಾದರಿಯನ್ನು ಇಳಿಸಿಕೊಂಡೆವು. ಇದು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸುತ್ತದೆ. ಆದರೆ ಇದಕ್ಕೆ ಪದಪಟ್ಟಿ ಕೊಟ್ಟು ಹೇಳಿ ಮಾಡಿಸುವಂತಿಲ್ಲ. ಬಂದ ಕರಡಿನಲ್ಲಿ ನಾವೇ ಪದ ಬದಲಿಸಬೇಕು. ಇಲ್ಲಿ ಕನ್ನಡದ ವಿಭಕ್ತಿಗಳು ನಮ್ಮನ್ನು ಚೆನ್ನಾಗಿಯೇ ಕಾಡಿದವು. ‘ಕಪ್ಪು ಹತ್ತಿ ಮಣ್ಣು’ ಎಂದು ಹುಡುಕಿದರೆ ‘ಮಣ್ಣಿನಲ್ಲಿ’, ‘ಮಣ್ಣಿಗೆ’ ಸಿಗುವುದಿಲ್ಲ. ‘ಕಪ್ಪು ಹತ್ತಿ ಮಣ್ಣಿ’ ಎಂದಷ್ಟೇ ಹುಡುಕಿ ಬದಲಿಸಿದರೆ ‘ಎರೆ ಭೂಮಿನಲ್ಲಿ’ ಎಂದಾಗುತ್ತದೆ. ಕೊನೆಗೆ ನಮ್ಮಲ್ಲಿ ವ್ಯಾಕರಣ ಬಲ್ಲವರೊಬ್ಬರು ಎರಡು ವಾರ ಕುಳಿತು, ಸುಮಾರು 150 ಪದಗಳಿಗೆ ಎಲ್ಲ ವಿಭಕ್ತಿ ರೂಪಗಳ ಕೋಷ್ಟಕ ಮಾಡಿದರು. ಈಗ ಕಚೇರಿಯಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು ಆ ಕೋಷ್ಟಕವೇ, ಕಾರ್ಡ್ ಅಲ್ಲ.

ದೊಡ್ಡ ಮಾದರಿಯ ಭಾಷೆಯ ಓಟ ಇದಕ್ಕಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು; ಉದ್ದ ವಾಕ್ಯಗಳಲ್ಲಿ ಕ್ರಿಯಾಪದ ದಾರಿ ತಪ್ಪುತ್ತದೆ, ತಿದ್ದುವ ಸಮಯ ಹೆಚ್ಚಾಗಿದೆ. ಪ್ರಚಾರ ಸಾಮಗ್ರಿಯಂಥ ಕೆಲಸಕ್ಕೆ ಇಂದಿಗೂ ಕಂಪನಿಯ ಸೇವೆಯನ್ನೇ ಬಳಸುತ್ತೇವೆ. ಮುಕ್ತ ಎಂಬ ಹೆಸರಿನಲ್ಲಿ ಬರುವುದೆಲ್ಲ ಬಂಧನರಹಿತವೂ ಅಲ್ಲ: ಮೆಟಾದ ಲಾಮಾ ಮಾದರಿಗಳ ಪರವಾನಗಿಯಲ್ಲಿ, ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವವರು ಬೇರೆ ಅನುಮತಿ ಪಡೆಯಬೇಕೆಂಬ ಷರತ್ತಿದೆ. ನಮ್ಮ ನಾಲ್ವರಿಗೆ ಅದು ತಾಗುವುದಿಲ್ಲವೆನ್ನಿ. ನಾವು ಕೊಂಡ ಕಾರ್ಡ್ ಕೂಡ ಎನ್‌ವಿಡಿಯಾದ್ದೇ. ಆದರೂ ಡಿಸ್ಕಿನಲ್ಲಿರುವ ಮಾದರಿ ರಾತ್ರೋರಾತ್ರಿ ಬದಲಾಗುವುದಿಲ್ಲ, ಪ್ರಥಮ ಚಿಕಿತ್ಸೆಯ ಪುಟವನ್ನು ನಿರಾಕರಿಸುವುದೂ ಇಲ್ಲ.

ಕಳೆದ ತಿಂಗಳು ಹೊಸ ಕೆಲಸವೊಂದರ ಕರಾರುಪತ್ರ ಬಂತು. ಅನುವಾದವನ್ನು ಇಂಥದೇ ಕಂಪನಿಯ ಸೇವೆಯ ಮೂಲಕ ಮಾಡತಕ್ಕದ್ದು ಎಂದು ಅದರ ಏಳನೆಯ ಷರತ್ತು ಹೇಳುತ್ತದೆ. ‘ಅಥವಾ ಗುಣಮಟ್ಟದಲ್ಲಿ ಸಮಾನವಾದ ಬೇರೆ ವಿಧಾನದಿಂದ’ ಎಂದು ಸೇರಿಸುವಂತೆ ಕೋರಿ, 300 ವಾಕ್ಯಗಳ ಫಲಿತಾಂಶವನ್ನೂ ಲಗತ್ತಿಸಿ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ; ಸಹಿ ಹಾಕಲು ಇರುವ ಗಡುವು ಶುಕ್ರವಾರ.