ತುಮಕೂರಿನ ಬೇಸಿಗೆಯಲ್ಲಿ 17 ಡಿಗ್ರಿ ನೀರು

ಕಳೆದ ವರ್ಷ ಮಾರ್ಚ್‌ನಲ್ಲಿ ಒಂದು ವಾರ ನಮ್ಮ ಹಾಲ್‌ನ ಮೂಲೆಯಲ್ಲಿ ಒಂದು ಬಕೆಟ್ ನೀರು ಸುಮ್ನೆ ಕೂತಿತ್ತು. ಅದರೊಳಗೆ ಡಿಜಿಟಲ್ ಥರ್ಮಾಮೀಟರಿನ ವೈರು ಇಳಿಬಿಟ್ಟಿದ್ದೆ. ಬೆಳಿಗ್ಗೆ ಆರಕ್ಕೆ ಮಗಳು, ಮಧ್ಯಾಹ್ನ ಮೂರಕ್ಕೆ ಹೆಂಡತಿ ನೋಡಿ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದರು. ಬೆಳಿಗ್ಗೆ 25, ಮಧ್ಯಾಹ್ನ 29. ಏಳು ದಿನದಲ್ಲಿ ಒಂದು ದಿನವೂ 24ಕ್ಕೆ ಇಳಿಯಲಿಲ್ಲ.

ಮಗಳಿಗೆ ಆಕ್ಸಲಾಟಲ್ ಅನ್ನುವ ನೀರಿನ ಪ್ರಾಣಿ ಬೇಕಿತ್ತು. ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಆಟಕ್ಕೆ 2021ರಲ್ಲಿ ಈ ಪ್ರಾಣಿಯನ್ನು ಸೇರಿಸಿದರು, ಅವಳು ನೋಡಿದ್ದೂ ಅಲ್ಲೇ. ಎರಡು ವರ್ಷ ಕಾಡಿದಳು. ನಾನು ಫ್ರಿಜ್, ಎ.ಸಿ. ರಿಪೇರಿ ಮಾಡುವವನು, ಶಿರಾ ಗೇಟ್ ಕಡೆ ಸಣ್ಣ ಅಂಗಡಿ ಇದೆ. ಮೀನು ಸಾಕಿದ್ದೂ ಇಲ್ಲ. ಆದರೆ ಈ ಪ್ರಾಣಿಗೆ 16ರಿಂದ 18 ಡಿಗ್ರಿ ನೀರು ಬೇಕು, 24 ದಾಟಿದರೆ ಜೀವಕ್ಕೆ ಅಪಾಯ ಅಂತ ಓದಿದಾಗ, ಇದು ನನ್ನ ಕಸುಬಿನ ಪ್ರಾಣಿ ಅನ್ನಿಸಿತು. ಹಾಗನ್ನಿಸಿದ್ದೇ ಎಡವಟ್ಟಾಯಿತು, ಮುಂದೆ ಹೇಳುತ್ತೇನೆ.

ಆಕ್ಸಲಾಟಲ್ ಮೀನಲ್ಲ, ಹಲ್ಲಿಯೂ ಅಲ್ಲ. ಕಪ್ಪೆಯ ಹಾಗೆ ಉಭಯಚರ. ಕಪ್ಪೆಮರಿ ಬಾಲ ಕಳೆದುಕೊಂಡು ನೆಲಕ್ಕೆ ಬರುತ್ತದಲ್ವಾ, ಇದು ಹಾಗೆ ಬದಲಾಗದೆ ಕಿವಿರು ಇಟ್ಟುಕೊಂಡೇ ದೊಡ್ಡದಾಗಿ ನೀರಲ್ಲೇ ಬದುಕುತ್ತದೆ. ಮೆಕ್ಸಿಕೊ ಸಿಟಿಯ ಸೊಚಿಮಿಲ್ಕೊ ಎಂಬ ಕೆರೆ ಕಾಲುವೆಗಳು ಅದರ ತವರು. ಆ ಜಾಗ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿ ಬೆಟ್ಟದ ತುದಿಯೇ 1,478 ಮೀಟರ್. ಅಂದರೆ ನಂದಿ ಬೆಟ್ಟದ ಮೇಲೆ ಇನ್ನೂ ಮುಕ್ಕಾಲು ಕಿಲೋಮೀಟರ್ ಹತ್ತಿದರೆ ಅದರ ಊರು ಬರುತ್ತದೆ. ಅಂಥದ್ದನ್ನು ತುಮಕೂರಿನ ಆರ್‌ಸಿಸಿ ಮನೆಗೆ ತರಬೇಕು.

ಅಂಗಡಿಗಳಲ್ಲಿ ಅಕ್ವೇರಿಯಂ ಚಿಲ್ಲರ್ ಸಿಗುತ್ತದೆ, ಬೆಲೆ ಕೇಳಿ ವಾಪಸ್ ಬಂದೆ. ಟ್ಯಾಂಕ್ ಮೇಲೆ ಸಣ್ಣ ಫ್ಯಾನ್ ಹಾಕಿ ನೋಡಿದೆ. ನೀರು ಆವಿಯಾಗಿ ಮೂರು ಡಿಗ್ರಿ ಇಳಿಯಿತು. ಚಿಕ್ಕಮಗಳೂರಿನಲ್ಲಿದ್ದರೆ ಅಷ್ಟು ಸಾಕಾಗಬಹುದೇನೋ, ನಮಗೆ ಸಾಲದು. ಫ್ರೀಜರ್‌ನಲ್ಲಿ ಬಾಟಲಿ ಗಟ್ಟಿ ಮಾಡಿ ಹಾಕಿ ಅಂತ ಸುಮಾರು ಜನ ಹೇಳಿದರು. ಲೆಕ್ಕ ಹಾಕಿ. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗಲು ಒಂದು ಕಿಲೋಕ್ಯಾಲೊರಿ ಶಾಖ ಹೊರಗೆ ಹೋಗಬೇಕು. ಒಂದು ಕೆ.ಜಿ. ಐಸ್ ಕರಗುವಾಗ 80 ಕಿಲೋಕ್ಯಾಲೊರಿ ಎಳೆದುಕೊಳ್ಳುತ್ತದೆ. ನಮ್ಮದು ಒಟ್ಟು 140 ಲೀಟರ್ ನೀರು. ಒಂದು ಲೀಟರ್ ಬಾಟಲಿಗೆ ಮುಕ್ಕಾಲು ಡಿಗ್ರಿಯೂ ಇಳಿಯುವುದಿಲ್ಲ. ಹತ್ತು ಡಿಗ್ರಿ ಇಳಿಸಿ, ಇಡೀ ಬೇಸಿಗೆ ಹಿಡಿದಿಡಬೇಕೆಂದರೆ ಮನೆಯವರೆಲ್ಲ ಬಾಟಲಿ ಹೊರುವ ಕೆಲಸಕ್ಕೇ ಸೇರಬೇಕು. ಬಾಟಲಿ ಆಪತ್ತಿಗೆ ಮಾತ್ರ.

ಎಡವಟ್ಟು ಏನಂದರೆ, ನಾನು ಹಳೆ ಫ್ರಿಜ್‌ನ ಕಂಪ್ರೆಸರ್ ತೆಗೆದು, ತಾಮ್ರದ ಪೈಪನ್ನು ಸುರುಳಿ ಸುತ್ತಿ, ಗ್ಯಾಸ್ ತುಂಬಿ, ಆ ಸುರುಳಿಯನ್ನೇ ನೀರಿಗೆ ಇಳಿಸಿದ್ದೆ. ಒಂದೇ ಭಾನುವಾರದ ಕೆಲಸ. ಬಹಳ ಚೆನ್ನಾಗಿ ತಣ್ಣಗಾಯಿತು. ಮೀನು ಸಾಕುವ ಒಬ್ಬ ಸ್ನೇಹಿತ ಬಂದು ನೋಡಿ, “ಏನಪ್ಪಾ, ಪ್ರಾಣಿನ ಕೊಲ್ಲಕ್ಕೆ ರೆಡಿ ಮಾಡಿದೀಯ” ಅಂದ. ತಾಮ್ರ ನೀರಿಗೆ ಬಿಡುವ ಅಂಶ ಸ್ವಲ್ಪವೇ ಆದರೂ ಉಭಯಚರಗಳಿಗೆ ವಿಷ. ಅವುಗಳ ಚರ್ಮ ತೆಳು, ನೀರಿನಲ್ಲಿ ಇದ್ದದ್ದೆಲ್ಲ ಮೈಯೊಳಗೆ ಹೋಗುತ್ತದೆ. ನಾವು ತಾಮ್ರದ ಚೊಂಬಿನ ನೀರು ಕುಡಿಯುವ ಜನ, ನನಗೆ ಇದು ಹೊಳೆದೇ ಇರಲಿಲ್ಲ. ಸುರುಳಿ ಕಿತ್ತೆ. ಟ್ಯಾಂಕನ್ನು ನಾಲ್ಕು ಸಲ ತೊಳೆದೆ.

ಎರಡನೇ ಸಲ ಗುಜರಿಯಿಂದ 40 ಲೀಟರಿನ ಹಳೇ ವಾಟರ್ ಕೂಲರ್ ತಂದೆ, ಆಫೀಸುಗಳಲ್ಲಿ ಕುಡಿಯುವ ನೀರಿಗೆ ಇಡುತ್ತಾರಲ್ಲ, ಅದು. ಅದರ ಒಳತೊಟ್ಟಿ ಸ್ಟೀಲಿನದು, ತಾಮ್ರದ ಸುರುಳಿ ತೊಟ್ಟಿಯ ಹೊರಗೆ ಸುತ್ತಿರುತ್ತದೆ. ನೀರಿಗೆ ತಾಮ್ರ ಸೋಕುವುದಿಲ್ಲ. ಒಳಗಿನ ಜೋಡಣೆ ಸೀಸದ ಬೆಸುಗೆಯೋ ವೆಲ್ಡಿಂಗೋ ಅಂತ ಟಾರ್ಚ್ ಬಿಟ್ಟು ನೋಡಿದೆ, ವೆಲ್ಡಿಂಗ್ ಇತ್ತು. ನಲ್ಲಿ ಹಿತ್ತಾಳೆಯದು. ಹಿತ್ತಾಳೆಯಲ್ಲೂ ತಾಮ್ರವೇ ಜಾಸ್ತಿ, ಅದನ್ನೂ ಬಿಚ್ಚಿ ಪಿವಿಸಿ ಮುಚ್ಚಳ ಹಾಕಿದೆ. ಟ್ಯಾಂಕ್‌ನಿಂದ ಸಣ್ಣ ಪಂಪು ನೀರನ್ನು ಕೂಲರಿಗೆ ಏರಿಸುತ್ತದೆ. ಕೂಲರಿನ ಮೇಲ್ಭಾಗದಲ್ಲಿ ಕೊರೆದ ಮುಕ್ಕಾಲು ಇಂಚಿನ ತೂತಿನಿಂದ ನೀರು ತಾನೇ ಟ್ಯಾಂಕಿಗೆ ಇಳಿಯುತ್ತದೆ. ಏರಿಸುವ ಪೈಪಿನ ಬಾಯಿ ಕೂಲರ್ ನೀರಿಗಿಂತ ಮೇಲೇ ಇರಬೇಕು. ಮುಳುಗಿಸಿಟ್ಟರೆ ಕರೆಂಟ್ ಹೋದಾಗ ಕೂಲರಿನ ನೀರೆಲ್ಲ ಹಿಂದಕ್ಕೆ ಎಳೆದುಕೊಂಡು ಟ್ಯಾಂಕ್ ತುಂಬಿ ಹಾಲ್‌ಗೆ ಹರಿಯುತ್ತದೆ. ಹೌದು, ಒಂದು ಸಲ ಹರಿಯಿತು.

ಹಳೇ ಥರ್ಮೋಸ್ಟಾಟ್ ತೆಗೆದು ಡಿಜಿಟಲ್ ಕಂಟ್ರೋಲರ್ ಹಾಕಿದೆ. 18ಕ್ಕೆ ಆನ್, 17ಕ್ಕೆ ಆಫ್. ಆಫ್ ಆದಮೇಲೆ ಮೂರು ನಿಮಿಷ ಬಿಟ್ಟೇ ಮತ್ತೆ ಆನ್ ಆಗುವ ಹಾಗೆ ಡಿಲೇ ಇಟ್ಟೆ, ಇಲ್ಲದಿದ್ದರೆ ಕಂಪ್ರೆಸರ್ ಸುಟ್ಟುಹೋಗುತ್ತದೆ. ಟ್ಯಾಂಕಿನ ಹಿಂದೆ, ಎರಡು ಪಕ್ಕ ಮತ್ತು ತಳಕ್ಕೆ ಥರ್ಮಾಕೋಲ್ ಹಾಳೆ. ಮೊದಲ ಸಲ ರಾತ್ರಿ ಎಂಟಕ್ಕೆ ಆನ್ ಮಾಡಿದ್ದು, ಬೆಳಿಗ್ಗೆ ಆರಕ್ಕೆ 28ರಿಂದ 17ಕ್ಕೆ ಬಂದಿತ್ತು. ನಾನು ಕಾಫಿ ಕುಡಿಯದೆ ಅದನ್ನೇ ನೋಡುತ್ತಾ ನಿಂತಿದ್ದೆ.

ಟ್ಯಾಂಕ್ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ನೀರು ಒಂದಡಿಗೆ ನಿಲ್ಲಿಸಿದೆ, 105 ಲೀಟರ್ ಹತ್ತಿರ. ಕೂಲರಿನಲ್ಲಿರುವುದೂ ಸೇರಿದರೆ ಮೊದಲು ಹೇಳಿದ 140. ಈ ಪ್ರಾಣಿ ತಳದಲ್ಲಿ ನಡೆದಾಡುತ್ತದೆ, ಎತ್ತರಕ್ಕಿಂತ ಉದ್ದ ಅಗಲ ಮುಖ್ಯ. ಮೇಲೆ ಮೂರು ಇಂಚು ಖಾಲಿ, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ. ನೋಡಲು ಸೋಮಾರಿ ಥರ ಇದ್ದರೂ ಎಗರುತ್ತದೆ.

ಅಂಗಡಿಯವನು ಟ್ಯಾಂಕಿನ ಜೊತೆ ಬಣ್ಣದ ಕಲ್ಲು ಪುಕ್ಕಟೆ ಕೊಟ್ಟಿದ್ದ. ಹಾಕಲೇ ಇಲ್ಲ. ಆಕ್ಸಲಾಟಲ್ ಬಾಯಿ ತೆರೆದು ನೀರಿನ ಸಮೇತ ಊಟವನ್ನು ಎಳೆದುಕೊಳ್ಳುತ್ತದೆ, ಪಕ್ಕದಲ್ಲಿ ಕಲ್ಲಿದ್ದರೆ ಅದನ್ನೂ ನುಂಗುತ್ತದೆ. ಹೊಟ್ಟೆಯಲ್ಲಿ ಕಲ್ಲು ಸಿಕ್ಕಿಕೊಂಡರೆ ಬದುಕುವುದು ಕಷ್ಟ. ಬರೀ ಗಾಜಿದ್ದರೆ ಕಾಲು ಜಾರುತ್ತದೆ. ಮನೆ ಕಟ್ಟುವ ಎಂ ಸ್ಯಾಂಡ್ ಚೂಪು, ಬೇಡ. ಹೊಳೆ ಮರಳನ್ನು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ನುಣ್ಣನೆಯದನ್ನು ನೀರು ತಿಳಿಯಾಗುವವರೆಗೂ ತೊಳೆದು ಒಂದು ಇಂಚು ಹಾಸಿದೆ. “ರೀ, ನಾಳೆ ಚಪಾತಿಗೆ ಹಿಟ್ಟು ಯಾವುದರಲ್ಲಿ ಜರಡಿ ಹಿಡೀಲಿ?” ಅಂತ ಕೇಳಿದಳು ಹೆಂಡತಿ. ಹೊಸ ಜರಡಿ ತಂದೆ.

ನೀರಿನ ವಿಷಯಕ್ಕೆ ಬಂದರೆ, ನಮ್ಮ ಬೀದಿಗೆ ಬರುವ ನಲ್ಲಿ ನೀರು ಬುಗುಡನಹಳ್ಳಿ ಕೆರೆಯದು, ಮೂಲ ಹೇಮಾವತಿ ನಾಲೆ. ಬೋರ್‌ವೆಲ್ ನೀರೂ ಇದೆ, ಆದರೆ ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನುವುದು ಎಲ್ಲರಿಗೂ ಗೊತ್ತು. ಕುಡಿಯುವ ಆರ್‌ಓ ನೀರು ಒಳ್ಳೆಯದು ಅಂತ ಹಾಕಬೇಡಿ. ಈ ಪ್ರಾಣಿಗೆ ಸ್ವಲ್ಪ ಗಡಸು ನೀರೇ ಬೇಕು, ಆರ್‌ಓದಲ್ಲಿ ಲವಣ ಬಹಳ ಕಮ್ಮಿ. ನಾನು ನಲ್ಲಿ ನೀರು ಹಿಡಿದು ಆಂಟಿ ಕ್ಲೋರಿನ್ ಹನಿ ಹಾಕುತ್ತೇನೆ. ಬಕೆಟ್‌ನಲ್ಲಿ ಒಂದು ದಿನ ಇಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ, ಆದರೆ ನೀರು ಬಿಡುವವರು ಕ್ಲೋರಿನ್ ಬದಲು ಕ್ಲೋರಮಿನ್ ಎಂಬ ಔಷಧಿ ಹಾಕಿದ್ದರೆ ಅದು ಹಾಗೆ ಹೋಗುವುದಿಲ್ಲ. ಪಿಎಚ್ 7.6 ಬಂತು, ಸಾಕು.

ಟ್ಯಾಂಕ್ ರೆಡಿ ಆಯಿತು, ಪ್ರಾಣಿ ತರೋಣ ಅಂತ ಮಗಳು ಕುಣಿದಳು. ಇಲ್ಲಿಂದ ಒಂಬತ್ತು ವಾರ ಖಾಲಿ ಟ್ಯಾಂಕ್ ನೋಡಿಕೊಂಡು ಕೂತೆವು.

ಪ್ರಾಣಿಯ ಹೊಲಸು, ಉಳಿದ ಊಟ ಕೊಳೆತರೆ ಅಮೋನಿಯ ಆಗುತ್ತದೆ. ನಮ್ಮ ಕಸುಬಿನಲ್ಲಿ ಅಮೋನಿಯ ಅಂದರೆ ಐಸ್ ಫ್ಯಾಕ್ಟರಿ ನೆನಪು, ಒಂದು ಸಲ ಲೀಕ್ ಆದದ್ದು ಮೂಗಿಗೆ ಹೋದರೆ ಜನ್ಮಕ್ಕೆ ಮರೆಯಲ್ಲ. ಕಿವಿರಿಗೆ ಅದರ ಒಂದು ತೊಟ್ಟೂ ಬೇಡ. ನೀರಿನಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ನೀರು ಬದಲಿಸಿ ಹೊರಹಾಕಬಹುದು. ಈ ಎರಡೂ, ಟ್ಯಾಂಕಿನೊಳಗೆ ಏರ್ ಪಂಪಿನಿಂದ ಓಡುವ ಸ್ಪಾಂಜ್ ಫಿಲ್ಟರಿನಲ್ಲಿ ಮನೆ ಮಾಡಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅವಸರ ಮಾಡಿದರೆ ಮೊಸರಾಗಲ್ಲ.

ಎರಡು ಸೀಗಡಿ ತಂದು ಹಳೇ ಕಾಲುಚೀಲದಲ್ಲಿ ಕಟ್ಟಿ ನೀರಿಗೆ ಬಿಟ್ಟೆ, ಕೊಳೆತು ಅಮೋನಿಯ ಬರಲಿ ಅಂತ. ಬಂತು. ವಾಸನೆಯೂ ಬಂತು. ಅಮ್ಮ ಎರಡು ದಿನ ಹಾಲ್‌ಗೆ ಕಾಲಿಡಲಿಲ್ಲ. ಈ ಸಮಯದಲ್ಲಿ ಕೂಲರ್ ಆಫ್ ಮಾಡಿಟ್ಟಿದ್ದೆ. ಬ್ಯಾಕ್ಟೀರಿಯಾ ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆಯುತ್ತದೆ, ನಮ್ಮ ಬೇಸಿಗೆ ಉಪಯೋಗಕ್ಕೆ ಬಂದದ್ದು ಇದೊಂದಕ್ಕೇ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ತಂದು ಎರಡು ದಿನಕ್ಕೊಮ್ಮೆ ಪರೀಕ್ಷೆ. ಆರನೇ ವಾರಕ್ಕೆ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಆಗ ನಾನು ಸ್ಪಾಂಜ್ ಕೊಳೆಯಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತಿಕ್ಕಿ ತೊಳೆದೆ. ಕ್ಲೋರಿನ್ ಇರುವ ನೀರು! ಆರು ವಾರದ ಬ್ಯಾಕ್ಟೀರಿಯಾ ಮೋರಿಗೆ ಹೋಯಿತು. ನೈಟ್ರೈಟ್ ಮತ್ತೆ ಏರಿತು, ಮತ್ತೆ ಮೂರು ವಾರ. ಮಗಳು ನನ್ನ ಜೊತೆ ಮಾತು ಬಿಟ್ಟಳು. ಈಗ ಟ್ಯಾಂಕಿನಿಂದಲೇ ಒಂದು ಮಗ್ ನೀರು ತೆಗೆದು ಅದರಲ್ಲಿ ಹಿಂಡುತ್ತೇನೆ, ತಿಕ್ಕುವುದಿಲ್ಲ.

ಈ ಮಧ್ಯೆ ಕಾಗದಪತ್ರದ ಕೆಲಸ. ತನ್ನ ತವರಿನ ಕೆರೆಯಲ್ಲಿ ಈ ಪ್ರಾಣಿ ಅಳಿವಿನ ಅಂಚಿನಲ್ಲಿದೆ. ಸಾಕುವವರ ಹತ್ತಿರ ಇರುವವು ಕೆರೆಯಿಂದ ಹಿಡಿದವಲ್ಲ, ಬಹಳಷ್ಟು 1864ರಲ್ಲಿ ಪ್ಯಾರಿಸ್‌ಗೆ ಹೋದ 34 ಪ್ರಾಣಿಗಳ ಸಂತಾನ. ಆದರೂ ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಗಿ, 2024ರಲ್ಲಿ ನಿಯಮ ಬಂದ ಮೇಲೆ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮೊದಲು ನೋಡಿದ ಮಾರಾಟಗಾರ “ಅದೆಲ್ಲ ಯಾರ್ ಕೇಳ್ತಾರೆ ಸಾರ್” ಅಂದ. ಎದ್ದು ಬಂದೆ. ಬೆಂಗಳೂರಿನಲ್ಲಿ ಮನೆಯಲ್ಲೇ ಮರಿ ಮಾಡಿಸುವ ಒಬ್ಬರು ಕಾಗದ ಸರಿಯಾಗಿ ಕೊಟ್ಟರು.

ಬೆಳಗಿನ ಜಾವ ಐದಕ್ಕೆ ಹೊರಟು, ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟುಕೊಂಡು ಕಾರಿನಲ್ಲಿ ತಂದೆವು. ಆರು ಇಂಚಿನ ತಿಳಿ ಗುಲಾಬಿ ಪ್ರಾಣಿ, ತಲೆಯ ಎರಡೂ ಕಡೆ ಮೂರು ಮೂರು ಕೆಂಪು ಕುಚ್ಚು. ಅಮ್ಮ ಬಗ್ಗಿ ನೋಡಿ, “ಹಲ್ಲಿ ಮೈಮೇಲೆ ಬಿದ್ರೆ ಪಂಚಾಂಗ ನೋಡ್ತೀವಿ. ಇದು ದುಡ್ಡು ಕೊಟ್ಟು ತಂದಿದೀಯಲ್ಲೋ” ಅಂದರು.

ಮೊದಲ ದಿನವೇ ಒಂದು ತಪ್ಪು ಗೊತ್ತಾಯಿತು. ಪ್ರಾಣಿ ಮೂಲೆ ಸೇರಿ, ಕಿವಿರಿನ ಕುಚ್ಚನ್ನು ಮುಂದಕ್ಕೆ ಬಾಗಿಸಿ, ಬಾಲದ ತುದಿಯನ್ನು ಕೊಕ್ಕೆ ಥರ ಮಡಚಿ ಕೂತಿತು. ನೀರಿನ ಹರಿವು ಜಾಸ್ತಿಯಾದರೆ ಹೀಗೆ ಮಾಡುತ್ತದೆ. ಅದು ನಿಂತ ನೀರಿನ ಜೀವ. ಕೂಲರಿನಿಂದ ಇಳಿಯುವ ನೀರು ಧಾರೆಯಾಗಿ ಬೀಳುತ್ತಿತ್ತು. ಆ ಪೈಪಿನ ತುದಿಗೆ ಇನ್ನೊಂದು ಅಡ್ಡ ಪೈಪ್ ಸೇರಿಸಿ, ಇಪ್ಪತ್ತು ಸಣ್ಣ ತೂತು ಕೊರೆದು, ತೂತುಗಳನ್ನು ಗಾಜಿನ ಕಡೆ ತಿರುಗಿಸಿದೆ. ಸಂಜೆಗೆ ಕುಚ್ಚು ಹಿಂದಕ್ಕೆ ಹೋಯಿತು.

ಅದಕ್ಕೆ ರೆಪ್ಪೆ ಇಲ್ಲ, ಹಾಗಾಗಿ ಟ್ಯಾಂಕಿಗೆ ಲೈಟ್ ಹಾಕಿಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಒಂದು, ಅಂಚು ಉಜ್ಜಿದ ಮಣ್ಣಿನ ಹೂಕುಂಡ ಒಂದು, ಎರಡೂ ಅಡಗಲು. ಜೊತೆಗೆ ಗೋಲ್ಡ್‌ಫಿಶ್ ಬಿಡೋಣ ಅಪ್ಪ ಅಂತ ಮಗಳು ಕೇಳಿದಳು. ಕಿವಿರು ಹುಳ ಅಂದುಕೊಂಡು ಕಚ್ಚುತ್ತವೆ, ಬೇಡ ಅಂದೆ. ಊಟಕ್ಕೆ ಎರೆಹುಳ. ಗೊಬ್ಬರದ ಗುಂಡಿಯ ಸಣ್ಣ ಕೆಂಪು ಹುಳ ಕೊಟ್ಟರೆ ಉಗಿಯಿತು, ಅದು ಕಹಿಯಂತೆ. ದೊಡ್ಡ ಜಾತಿಯ ಹುಳವನ್ನು ಔಷಧಿ ಹೊಡೆಯದ ತೋಟದಿಂದ ತರುತ್ತೇವೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು.

ಈ ಏಪ್ರಿಲ್‌ನಲ್ಲಿ ಒಂದು ರಾತ್ರಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ಬಂದದ್ದು ಮರುದಿನ ಹನ್ನೊಂದಕ್ಕೆ. ಮನೆಯ ಯುಪಿಎಸ್‌ನಲ್ಲಿ ಏರ್ ಪಂಪ್ ಓಡುತ್ತದೆ, ಕಂಪ್ರೆಸರ್ ಓಡುವುದಿಲ್ಲ. ಟ್ಯಾಂಕಿನ ಮುಂದಿನ ಗಾಜಿಗೂ ಥರ್ಮಾಕೋಲ್ ಒರಗಿಸಿ, ಮೇಲೆ ಹೊದಿಕೆ ಹಾಕಿ, ಎರಡು ಗಂಟೆಗೊಮ್ಮೆ ಒಂದೊಂದು ಐಸ್ ಬಾಟಲಿ ಬಿಟ್ಟೆವು. ಫ್ರೀಜರ್‌ನಲ್ಲಿ ಆರು ಬಾಟಲಿ ಯಾವಾಗಲೂ ಇರುತ್ತವೆ, ಐಸ್‌ಕ್ರೀಂಗೆ ಜಾಗ ಇಲ್ಲ. ಬೆಳಿಗ್ಗೆ ಮಗಳು ಕ್ಯಾಲೆಂಡರ್ ಮೇಲೆ 19.5 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು. ಪ್ರಾಣಿ ಹೂಕುಂಡದೊಳಗೆ ಇತ್ತು, ಬಾಲ ಮಾತ್ರ ಹೊರಗೆ.