ಹತ್ತು ಸೆಕೆಂಡಿನಲ್ಲಿ ಏನಂತ ಹೇಳೋದು?

ಕಾಲೇಜು ದಿನಗಳಲ್ಲಿ ನಾನು 200 ಮೀಟರ್ ಓಡುತ್ತಿದ್ದೆ. ರಾಜ್ಯಮಟ್ಟ ದಾಟಲಿಲ್ಲ. ತೊಡೆಯ ಹಿಂಭಾಗ ಎರಡು ಸಲ ಹಿಡಿದುಕೊಂಡ ಮೇಲೆ ಓಟ ನಿಂತಿತು, ಆದರೆ ಟ್ರ್ಯಾಕ್ ಬಿಟ್ಟಿರೋಕೆ ಆಗಲಿಲ್ಲ. ಈಗ ಕ್ರೀಡಾಕೂಟಗಳಲ್ಲಿ ಮೈಕ್ ಹಿಡಿದು ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತೇನೆ.

ಈ ಕೆಲಸ ನಾನು ಕಲಿತದ್ದು ಆಟೊ ಬೋಲ್ಡನ್ ಅವರ ಮಾತು ಕೇಳಿ ಕೇಳಿ. ಟ್ರಿನಿಡಾಡ್‌ನ ಓಟಗಾರ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 100, 200 ಮೀಟರ್ ಎರಡರಲ್ಲೂ ಕಂಚು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 100ರಲ್ಲಿ ಬೆಳ್ಳಿ, 200ರಲ್ಲಿ ಮತ್ತೆ ಕಂಚು, ನಡುವೆ 1997ರಲ್ಲಿ 200ರ ವಿಶ್ವ ಚಾಂಪಿಯನ್. ಆಮೇಲೆ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ವಿಶ್ಲೇಷಕರಾದರು. ಯಾರು ಮುಂದಿದ್ದಾರೆ ಅಂತ ನಮಗೇ ಕಾಣುತ್ತೆ. ಯಾಕೆ ಮುಂದಿದ್ದಾರೆ ಅಂತ ಅವರು ಹೇಳುತ್ತಾರೆ.

ನಾನು ಟಿವಿಯ ಸದ್ದು ತೆಗೆದು, 2009ರ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಅನ್ನು 9.58 ಸೆಕೆಂಡಿನಲ್ಲಿ ಓಡಿದ ರೇಸ್‌ಗೆ ನಾನೇ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೊದಲ ಸಲ ಎಂಟು ಹೆಸರು ಹೇಳಿ ಮುಗಿಸೋ ಹೊತ್ತಿಗೆ ರೇಸೇ ಮುಗಿದಿತ್ತು. ಹತ್ತು ಸೆಕೆಂಡಿಗೆ ಇಪ್ಪತ್ತು ಪದ ಹಿಡಿಸಿದರೆ ಜಾಸ್ತಿ, ಕನ್ನಡದ ಪದಗಳು ಉದ್ದ ಅಲ್ವಾ. ಅದಕ್ಕೆ ಹೆಸರು, ಲೇನ್ ಎಲ್ಲ ಮೊದಲೇ ಹೇಳಿಬಿಡುತ್ತೇನೆ. ಓಟ ಶುರು ಮಾಡಿಸೋ ಸ್ಟಾರ್ಟರ್ 'ಸೆಟ್' ಅನ್ನೋ ಹೊತ್ತಿಗೆ ನಾನು ಸುಮ್ನಾಗಿರಬೇಕು, ಓಟಗಾರರ ಕಿವಿಗೆ ಗನ್ ಸದ್ದು ಬಿಟ್ಟು ಇನ್ನೇನೂ ಬೀಳಬಾರದು. ಓಟ ಶುರುವಾದ ಮೇಲೆ ನೋಡೋದು ಎರಡೇ: ಮೊದಲ 30 ಮೀಟರ್‌ನಲ್ಲಿ ಯಾರು ಬೇಗ ತಲೆ ಎತ್ತಿಬಿಟ್ಟರು, 60 ಆದಮೇಲೆ ಯಾರ ಭುಜ ಬಿಗಿಯಾಗಿ ಕಿವಿಯ ಕಡೆಗೆ ಏರುತ್ತಿದೆ.

ಒಂದು ಮಾತನ್ನಂತೂ ಪೂರ್ತಿ ಬಿಟ್ಟೆ. 'ಕೊನೆಯಲ್ಲಿ ವೇಗ ಹೆಚ್ಚಿಸಿದ' ಅನ್ನೋದು. 100 ಮೀಟರ್‌ನ ಕೊನೆಯ ಭಾಗದಲ್ಲಿ ಎಲ್ಲರ ವೇಗವೂ ಇಳಿಯುತ್ತಿರುತ್ತದೆ, ಕಡಿಮೆ ಇಳಿದವನು ನಮ್ಮ ಕಣ್ಣಿಗೆ ನುಗ್ಗಿಬಂದ ಹಾಗೆ ಕಾಣುತ್ತಾನೆ. ಓಡಿದವರ ಕಾಲಿಗೆ ಇದು ಗೊತ್ತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್‌ಗೂ ಹೀಗೇ ಸದ್ದು ತೆಗೆದು ಮಾತಾಡಿದೆ. 30 ಮೀಟರ್‌ನಲ್ಲಿ ಅಮೆರಿಕದ ನೋವಾ ಲೈಲ್ಸ್ ಎಲ್ಲರಿಗಿಂತ ಹಿಂದೆ. ನಾನು ಜಮೈಕಾದ ಕಿಶೇನ್ ಥಾಮ್ಸನ್ ಗೆದ್ದ ಅಂತ ಕೂಗಿಬಿಟ್ಟೆ. ಬೋರ್ಡ್ ಮೇಲೆ ಬಂದದ್ದು ಲೈಲ್ಸ್ ಹೆಸರು. ಲೈಲ್ಸ್ 9.784 ಸೆಕೆಂಡ್, ಥಾಮ್ಸನ್ 9.789. ಆ ರೆಕಾರ್ಡಿಂಗ್ ಇನ್ನೂ ಫೋನಿನಲ್ಲಿದೆ, ಪ್ರತಿ ಕೂಟಕ್ಕೆ ಮೊದಲು ಒಂದು ಸಲ ಕೇಳುತ್ತೇನೆ. ಜಿಲ್ಲಾ ಕೂಟಗಳಲ್ಲಿ ಬೋರ್ಡ್ ಇರಲ್ಲ. ತೀರ್ಪುಗಾರರ ಚೀಟಿ ಕೈಗೆ ಬರೋ ತನಕ ಗೆದ್ದವರ ಹೆಸರು ಹೇಳಲ್ಲ, ಜನ ಎಷ್ಟೇ ಕೂಗಲಿ.