ಭತ್ತದ ಟ್ರಾಲಿಯ ಬೇರಿಂಗ್: ಮನೆ ಮುಂದೆಯೇ ಬಿಚ್ಚಿ ಗ್ರೀಸ್ ತುಂಬಿದ ನನ್ನ ಅನುಭವ

2024ರ ಡಿಸೆಂಬರಿನ ಒಂದು ರಾತ್ರಿ, ಕಾರಟಗಿಯ ಮಿಲ್ಲಿಗೆ ಭತ್ತ ಒಯ್ಯುವಾಗ ನಮ್ಮ ಟ್ರಾಲಿಯ ಹಿಂದಿನ ಎಡಗಾಲಿ ಹೊಗೆ ಬಿಟ್ಟಿತು. ಆ ವರ್ಷ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ, ಎಡದಂಡೆ ಕಾಲುವೆಯನ್ನೇ ನಂಬಿದ ನಾವು ಬೆಳೆಯ ಆಸೆ ಬಿಟ್ಟು ಕೂತಿದ್ದೆವು. ಹಾಗೂ ಹೀಗೂ ಕೈಗೆ ಬಂದ ಭತ್ತ ಅದು. ಟ್ರಾಲಿಯಲ್ಲಿ 80 ಚೀಲ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆ.ಜಿ., ಒಟ್ಟು 6 ಟನ್. ನಾಲ್ಕು ಗಾಲಿಗೆ ಹಂಚಿದರೆ ಒಂದೊಂದರ ಮೇಲೆ ಒಂದೂವರೆ ಟನ್, ಟ್ರಾಲಿಯ ತೂಕ ಬೇರೆ. ಅಷ್ಟನ್ನೂ ಹೊರುವುದು ಗಾಲಿಯ ನಡುವಿನ ಹಬ್ಬಿನ ಒಳಗಿರುವ ಎರಡು ಬೇರಿಂಗು.

ಹಿಂದೆ ಬೈಕಿನಲ್ಲಿ ಬರುತ್ತಿದ್ದ ತಮ್ಮ ಕೂಗಿ ನಿಲ್ಲಿಸಿದ. ಇಂಜಿನ್ ಸದ್ದಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು. ಕೊಡದಲ್ಲಿ ನೀರಿತ್ತು, ಸುರಿಯಲು ಹೋದೆ. ನಮ್ಮೂರಿನ ಮೆಕ್ಯಾನಿಕ್ ಕಾಕಾ ಫೋನಿನಲ್ಲೇ ತಡೆದರು: “ನೀರು ಹಾಕಬ್ಯಾಡಪಾ, ಕಾದ ಕಬ್ಬಿಣ ಸೀಳತೈತಿ. ತಾನ ಆರಲಿ. ಬೆಂಕಿ ಎದ್ರ ಮಣ್ಣು ಹಾಕು. ಗಾಡಿ ಮಾತ್ರ ಒಂದ್ ಹೆಜ್ಜಿನೂ ಎಳೀಬ್ಯಾಡ.” ಬೆಳಗಿನವರೆಗೆ ರಸ್ತೆ ಪಕ್ಕದಲ್ಲೇ ಕಾದೆವು. ಗಾಲಿಯೇ ಕಳಚಿ ಎದುರು ಬರುವ ಬೈಕಿಗೆ ಬಡಿದಿದ್ದರೆ ಏನು ಗತಿ ಅನ್ನುವ ಯೋಚನೆಯಲ್ಲಿ ರಾತ್ರಿಯೆಲ್ಲ ಕಣ್ಣು ಹತ್ತಲಿಲ್ಲ.

ಬೆಳಿಗ್ಗೆ ಕಾಕಾ ಬಿಚ್ಚಿ ತೋರಿಸಿದಾಗ ಎರಡು ತಪ್ಪು ಕಂಡವು. ಹಿಂದಿನ ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಬೇರಿಂಗ್ ಹಾಕಿಸಿದ್ದೆ. ಅಲ್ಲಿಯ ಹುಡುಗ ಪಾನಾಕ್ಕೆ ಪೈಪು ಸಿಗಿಸಿ ಆಕ್ಸಲ್ ನಟ್ಟನ್ನು ಜಗ್ಗಿ ಬಿಗಿ ಮಾಡಿದ್ದ. ನಾನೂ ಎದುರಿಗೇ ನಿಂತು, ಬಿಗಿಯಾಗಿದ್ದಷ್ಟೂ ಗಟ್ಟಿ ಅಂದುಕೊಂಡು ಖುಷಿಪಟ್ಟಿದ್ದೆ. ಎರಡನೆಯದು ಪೂರ್ತಿ ನನ್ನದೇ ತಪ್ಪು. ಮಿಲ್ಲಿನಿಂದ ಬಂದವನೇ ಕಾಲುವೆಯ ಇಳಿಜಾರಿನಲ್ಲಿ ಟ್ರಾಲಿಯನ್ನು ಅರ್ಧ ಗಾಲಿ ಮುಳುಗುವಂತೆ ಇಳಿಸಿ ತೊಳೆಯುತ್ತಿದ್ದೆ. ಓಡಿ ಬಂದ ಹಬ್ಬು ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿಗೆ ಇಳಿಸಿದ ಕೂಡಲೇ ಗಾಳಿ ಕುಗ್ಗಿ, ಗ್ರೀಸು ಹೊರಬಾರದಂತೆ ತಡೆಯುವ ಸೀಲಿನ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಗ್ರೀಸು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಕಾಕಾ ಅದನ್ನು ಬೆರಳಿಗೆ ತೆಗೆದು ನನ್ನ ಅಂಗೈಗೆ ಸವರಿದರು. ನೀರು ನೀರಾಗಿತ್ತು, ಜಿಡ್ಡೇ ಇರಲಿಲ್ಲ. ಬೇರಿಂಗಿನೊಳಗೆ ಉರುಳುವ ರೋಲರುಗಳು ನವಿಲಿನ ಕುತ್ತಿಗೆಯ ನೀಲಿಗೆ ಬಂದಿದ್ದವು. ಉಕ್ಕು ಹಾಗೆ ನೀಲಿಯಾಗಬೇಕಾದರೆ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಿರಬೇಕು. ಆಮೇಲೆ ಅದರ ಗಡಸುತನ ಹೋಗಿರುತ್ತದೆ, ಎಷ್ಟು ಗ್ರೀಸ್ ಹಾಕಿದರೂ ಪ್ರಯೋಜನವಿಲ್ಲ.

ಅಂದಿನಿಂದ ಟ್ರಾಲಿಯನ್ನು ಕಾಲುವೆಗೆ ಇಳಿಸಿಲ್ಲ. ಬೇರಿಂಗ್ ಕೆಲಸವನ್ನೂ ಬೇರೆಯವರಿಗೆ ಕೊಟ್ಟಿಲ್ಲ. ಕಾಲುವೆ ಬಂದಾಗಿ ಎರಡನೇ ಬೆಳೆಯ ಭತ್ತ ಸಾಗಿಸಿ ಮುಗಿದ ಮೇಲೆ, ಬೇಸಿಗೆಯಲ್ಲಿ ನಾನೂ ತಮ್ಮನೂ ಎರಡು ದಿನ ಇದಕ್ಕೇ ಕೂಡುತ್ತೇವೆ.

ಮೊದಲು ಎತ್ತುವ ಕೆಲಸ. ಜೀವಕ್ಕೆ ಅಪಾಯ ಇರುವುದು ಇಲ್ಲಿಯೇ. ಟ್ರಾಲಿ ಪೂರ್ತಿ ಖಾಲಿ ಇರಬೇಕು. ಟ್ರ್ಯಾಕ್ಟರಿನಿಂದ ಬಿಚ್ಚುವುದಿಲ್ಲ, ಟ್ರ್ಯಾಕ್ಟರನ್ನು ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಿರುತ್ತೇವೆ. ಎತ್ತದ ಗಾಲಿಗಳಿಗೆ ಹಿಂದೂ ಮುಂದೂ ದಪ್ಪ ಕಲ್ಲು. ಗಾಲಿ ನೆಲದ ಮೇಲಿರುವಾಗಲೇ ವೀಲ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸುತ್ತೇನೆ. ಎತ್ತಿದ ಮೇಲೆ ಪಾನಾ ಜಗ್ಗಿದರೆ ಇಡೀ ಟ್ರಾಲಿಯೇ ಜಾಕಿನ ಮೇಲೆ ಅಲುಗಾಡುತ್ತದೆ. ನಮ್ಮದು ಎರೆ ಮಣ್ಣು, ಮೇಲೆ ಒಣಗಿದ್ದರೂ ಒಳಗೆ ಮೆತ್ತಗೇ ಇರುತ್ತದೆ. ಜಾಕಿನ ಕೆಳಗೆ ಅಗಲವಾದ ದಪ್ಪ ಹಲಗೆ ಹಾಕದಿದ್ದರೆ ಜಾಕು ವಾಲುತ್ತದೆ. ಎತ್ತಿದ ಕೂಡಲೇ ಆಕ್ಸಲ್ ಕೆಳಗೆ ಸ್ಟ್ಯಾಂಡು, ಇಲ್ಲವೇ ಜಾಲಿಯ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಭಾರವನ್ನು ಅದರ ಮೇಲೆ ಇಳಿಸಬೇಕು. ಇಟ್ಟಿಗೆ, ಹಾಸುಗಲ್ಲು ಕೂಡದು, ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಬರೀ ಜಾಕಿನ ಮೇಲಿರುವ ಟ್ರಾಲಿಯ ಕೆಳಗೆ ಕೈಯನ್ನೂ ಹಾಕುವುದಿಲ್ಲ. ಜಾಕಿನ ವಾಷರ್ ಹರಿಯಲು ಒಂದು ಕ್ಷಣ ಸಾಕು. ಮುಂದಿನ ಗಾಲಿ ಎತ್ತುವಾಗ ಇನ್ನಷ್ಟು ಎಚ್ಚರ ಬೇಕು, ಮುಂದಿನ ಆಕ್ಸಲ್ ಟರ್ನ್ ಟೇಬಲ್ ಮೇಲೆ ತಿರುಗುತ್ತದೆ. ಅದು ಅಲ್ಲಾಡದಂತೆ ಹಗ್ಗದಿಂದ ಬಿಗಿದು ಕಟ್ಟುತ್ತೇವೆ. ಮಕ್ಕಳು ಸುತ್ತ ಸುಳಿಯದಂತೆ ಅವ್ವ ಕಟ್ಟೆಯ ಮೇಲೆ ಕಾವಲು ಕೂಡುತ್ತಾಳೆ.

ಒಮ್ಮೆಗೆ ಒಂದೇ ಗಾಲಿ. ನಾಲ್ಕನ್ನೂ ಬಿಚ್ಚಿ ಹರವಿದರೆ ಯಾವ ಬೇರಿಂಗು ಯಾವ ಕಪ್ಪಿನದೆಂದು (ಕಪ್ಪು ಅಂದರೆ ಹಬ್ಬಿನೊಳಗೆ ಬೇರಿಂಗು ಕೂಡುವ ಉಕ್ಕಿನ ಬಳೆ) ಗೊತ್ತಾಗುವುದಿಲ್ಲ. ಒಟ್ಟಿಗೆ ಸವೆದವು ಒಟ್ಟಿಗೇ ಇರಬೇಕು. ಗಾಲಿ ತೆಗೆದು, ಹಬ್ಬಿನ ಕ್ಯಾಪು ಬಿಚ್ಚಿ, ನಟ್ಟು ತಿರುಗದಂತೆ ಹಿಡಿದಿರುವ ಸ್ಪ್ಲಿಟ್ ಪಿನ್ನಿನ ಕಾಲುಗಳನ್ನು ನೆಟ್ಟಗೆ ಮಾಡಿ ಎಳೆಯುತ್ತೇನೆ. ಆಮೇಲೆ ನಟ್ಟು, ವಾಷರು, ಹೊರಗಿನ ಚಿಕ್ಕ ಬೇರಿಂಗು. ಹಬ್ಬನ್ನು ಎರಡೂ ಕೈಯಿಂದ ನೇರ ಎಳೆದರೆ ಒಳಗಿನ ದೊಡ್ಡ ಬೇರಿಂಗೂ ಸೀಲೂ ಅದರೊಂದಿಗೇ ಬರುತ್ತವೆ. ನಮ್ಮ ಟ್ರಾಲಿಗೆ ಬ್ರೇಕ್ ಇಲ್ಲ. ಬ್ರೇಕ್ ಇರುವ ಗಾಡಿಯಾದರೆ ಲೈನರಿಗೆ ಗ್ರೀಸು ತಾಗದಂತೆ ನೋಡಿಕೊಳ್ಳಬೇಕು.

ತೊಳೆಯುವುದು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ. ಪೆಟ್ರೋಲ್ ಹತ್ತಿರವೂ ಬೇಡ, ಬೀಡಿ ಸೇದುವವರೂ ಬೇಡ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆದು ಬೇರಿಂಗನ್ನು ಬುಗುರಿಯಂತೆ ತಿರುಗಿಸುವ ಹುಡುಗರನ್ನು ನೋಡಿದ್ದೇನೆ. ಗ್ರೀಸಿಲ್ಲದೆ ಆ ವೇಗದಲ್ಲಿ ತಿರುಗಿದರೆ ರೋಲರಿಗೆ ಗೀರು ಬೀಳುತ್ತದೆ, ರೋಲರುಗಳನ್ನು ಹಿಡಿದಿರುವ ಪಂಜರ ಒಡೆದು ರೋಲರು ಕಣ್ಣಿಗೆ ಹಾರಿದರೂ ಹಾರಿತು. ನಾನು ಬಟ್ಟೆಯಿಂದ ಒರೆಸಿ ನೆರಳಲ್ಲಿ ಚೆನ್ನಾಗಿ ಆರಿಸುತ್ತೇನೆ. ಸೀಮೆಎಣ್ಣೆ ಉಳಿದರೆ ಹೊಸ ಗ್ರೀಸನ್ನೂ ತೆಳ್ಳಗೆ ಮಾಡುತ್ತದೆ. ಬಿಸಿಲಿಗೆ ಹಿಡಿದು ಒಂದೊಂದೇ ರೋಲರನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ, ಸಿಬ್ಬು ಕಂಡರೆ, ನೀಲಿ ಬಣ್ಣ ಬಂದಿದ್ದರೆ, ಪಂಜರ ಬಾಗಿದ್ದರೆ ಆ ಬೇರಿಂಗ್ ಕಪ್ಪಿನ ಸಮೇತ ಹೊಸದು. ಹಳೇ ಕಪ್ಪಿಗೆ ಹೊಸ ಬೇರಿಂಗ್ ಹಾಕುವುದು ದುಡ್ಡು ಉಳಿಸಿದಂತಲ್ಲ.

ಬೇರಿಂಗಿನ ನಂಬರು ಅದರ ಅಂಚಿನಲ್ಲೇ ಇರುತ್ತದೆ. 302ರಿಂದ ಶುರುವಾಗುವ ಇಂಥ ನಂಬರಿನಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಸಿಗುತ್ತದೆ: 30208 ಅಂದರೆ 40 ಮಿ.ಮೀ., 30210 ಅಂದರೆ 50. ಅಂಗಡಿಯವರು “ಇದೇ ಕೂಡತೈತಿ ಒಯ್ಯಿರಿ” ಅಂದರೂ ಈ ಲೆಕ್ಕ ಗೊತ್ತಿದ್ದರೆ ಮೋಸ ಹೋಗುವುದಿಲ್ಲ.

ಕಪ್ಪು ಕೂಡಿಸುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಗಡಸು ಉಕ್ಕಿಗೆ ನೇರ ಸುತ್ತಿಗೆ ಬಿದ್ದರೆ ಚೂರು ಸಿಡಿಯುತ್ತದೆ. ಹಿತ್ತಾಳೆ ರಾಡನ್ನು ಅಂಚಿಗಿಟ್ಟು ಆ ಕಡೆ ಒಂದು, ಈ ಕಡೆ ಒಂದು ಮೆಲ್ಲಗೆ ಬಡಿಯುತ್ತೇನೆ. ಪೂರ್ತಿ ಕೂತಾಗ ಏಟಿನ ಸದ್ದೇ ಬದಲಾಗುತ್ತದೆ.

ಗ್ರೀಸು ಲಿಥಿಯಂ ಬೇಸಿನದು, ವೀಲ್ ಬೇರಿಂಗಿಗೆ ಅಂತಲೇ ಡಬ್ಬಿಯ ಮೇಲೆ ಬರೆದಿರಬೇಕು. ಹಳೆಯದರ ಮೇಲೆ ಹೊಸದು ಸೇರಿಸುವುದಿಲ್ಲ. ಅಂಗೈಯಲ್ಲಿ ಒಂದು ಉಂಡೆ ಇಟ್ಟುಕೊಂಡು, ಬೇರಿಂಗಿನ ಅಗಲವಾದ ಬಾಯಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆದರೆ ಗ್ರೀಸು ರೋಲರುಗಳ ಸಂದಿನಿಂದ ಇನ್ನೊಂದು ಕಡೆ ಎಳೆ ಎಳೆಯಾಗಿ ಹೊರಬರುತ್ತದೆ. ಸುತ್ತಲೂ ಹಾಗೆ ಬರುವವರೆಗೆ ಬಿಡಬಾರದು. ಬರೀ ಮೇಲೆ ಸವರಿದರೆ ಒಳಗೆ ಹೋಗುವುದಿಲ್ಲ. ಹಬ್ಬಿನ ಖಾಲಿ ಜಾಗದಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ತುಂಬುವುದಿಲ್ಲ. ಹೆಚ್ಚಾದರೆ ಕಾದು ಹಿಗ್ಗಿ ಸೀಲನ್ನೇ ತಳ್ಳುತ್ತದೆ. ಸೀಲು ಪ್ರತಿ ಸಲ ಹೊಸದು, ಅದರ ತುಟಿಗೂ ಚೂರು ಗ್ರೀಸು.

ಇನ್ನು ನಟ್ಟು. ನಮ್ಮ ಟ್ರಾಲಿ ಕೆಟ್ಟದ್ದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಬೇರಿಂಗುಗಳ ರೋಲರು ಓರೆಯಾಗಿ ಕೂತಿರುತ್ತವೆ. ನಟ್ಟು ಬಿಗಿದಷ್ಟೂ ಕಪ್ಪಿನೊಳಗೆ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಹಬ್ಬನ್ನು ಒಂದು ಕೈಯಿಂದ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ನಟ್ಟು ಬಿಗಿಯುತ್ತೇನೆ. ತಿರುಗಲು ಭಾರವಾಯಿತು ಅನ್ನಿಸಿದಾಗ ರೋಲರುಗಳು ಜಾಗದಲ್ಲಿ ಕೂತವು ಎಂದರ್ಥ. ಆಗ ನಟ್ಟನ್ನು ಪೂರ್ತಿ ಸಡಿಲ ಮಾಡಿ, ಪಾನಾ ಬದಿಗಿಟ್ಟು, ಬರೀ ಬೆರಳಿನಿಂದ ಎಷ್ಟು ಬರುತ್ತದೋ ಅಷ್ಟೇ ತಿರುಗಿಸುತ್ತೇನೆ. ಪಿನ್ನಿನ ತೂತು ನಟ್ಟಿನ ಸೀಳಿಗೆ ಕೂಡದಿದ್ದರೆ ಹಿಂದಕ್ಕೇ ತಿರುಗಿಸಿ ಹತ್ತಿರದ ಸೀಳಿಗೆ ಕೂಡಿಸಬೇಕು, ಮುಂದಕ್ಕಲ್ಲ. ಗಾಲಿ ಹಾಕಿ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಕಾಗದದ ದಪ್ಪದಷ್ಟು ಆಟ ಇರಬೇಕು. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕುವುದಿಲ್ಲ, ಮೊಳೆ ಬಾಗಿಸಿ ಹಾಕುವುದಂತೂ ಇಲ್ಲವೇ ಇಲ್ಲ. ನಟ್ಟು ಬಿಚ್ಚಿಕೊಂಡು ಹಬ್ಬು ಗಾಲಿ ಸಮೇತ ಆಕ್ಸಲ್ಲಿನಿಂದ ಕಳಚದಂತೆ ತಡೆಯುವುದು ಆ ಪಿನ್ನೇ. ವೀಲ್ ನಟ್ಟುಗಳನ್ನು ಎದುರುಬದುರು ಬಿಗಿದು, ನೆಲಕ್ಕಿಳಿಸಿದ ಮೇಲೆ ಕೊನೆಯ ಬಿಗಿ.

ಈ ಸಲ ಮುಗಿಸಿ ಖಾಲಿ ಟ್ರಾಲಿಯನ್ನು ಹತ್ತು ಕಿಲೋಮೀಟರ್ ಓಡಿಸಿ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಮೊದಲು ಹಬ್ಬಿನ ಹತ್ತಿರ ಕೈಯ ಹಿಂಬದಿ ಹಿಡಿದು ಕಾವು ನೋಡಿ, ಆಮೇಲೆ ಮುಟ್ಟಿದೆ. ಮೂರು ಹಬ್ಬು ಸ್ನಾನದ ನೀರಿನಷ್ಟು ಬೆಚ್ಚಗಿದ್ದವು. ಮುಂದಿನ ಬಲಗಡೆಯದರ ಮೇಲೆ ಕೈ ನಿಲ್ಲಲಿಲ್ಲ. ತಮ್ಮ ಹಾಕಿದ್ದ ಗಾಲಿ, ಸೀಳು ಕೂಡದ್ದಕ್ಕೆ ನಟ್ಟನ್ನು ಮುಂದಕ್ಕೆ ತಿರುಗಿಸಿದ್ದ. ಆರಿದ ಮೇಲೆ ಮನೆಗೆ ನಿಧಾನ ತಂದು, ಮತ್ತೆ ಎತ್ತಿ, ಕ್ಯಾಪು ತೆಗೆದು ಬೇರಿಂಗ್ ನೋಡಿದೆವು. ಬಣ್ಣ ಕೆಟ್ಟಿರಲಿಲ್ಲ. ನಟ್ಟನ್ನು ಒಂದು ಸೀಳು ಹಿಂದಕ್ಕೆ ಬಿಟ್ಟು ತಮ್ಮ ಹೊಸ ಪಿನ್ ಹಾಕಿದ. ಸಂಜೆ ಅದೇ ದಾರಿಯಲ್ಲಿ ಮತ್ತೊಮ್ಮೆ ಹೋಗಿ ಬಂದೆವು. ನಾಲ್ಕೂ ಹಬ್ಬಿಗೆ ಒಂದೇ ಕಾವು ಇತ್ತು.